ಧಣಿಗೆ ಬಂದ ಕಾಗದ: 32 ವರ್ಷದ ಕೂಲಿ ಬಾಕಿ

1865ರ ಆಗಸ್ಟ್ 7ರಂದು ಅಮೆರಿಕದ ಓಹಾಯೋ ರಾಜ್ಯದ ಡೇಟನ್ ಎಂಬ ಊರಿನಲ್ಲಿ ಒಬ್ಬರು ಕಾಗದ ಬರೆಸಿದರು. ಬರೆಸಿದವರ ಹೆಸರು ಜೋರ್ಡನ್ ಆಂಡರ್ಸನ್. ಕಾಗದ ತಲುಪಬೇಕಾದದ್ದು ಟೆನ್ನೆಸ್ಸೀ ರಾಜ್ಯದ ಬಿಗ್ ಸ್ಪ್ರಿಂಗ್ ಎಂಬಲ್ಲಿದ್ದ ಕರ್ನಲ್ ಪಿ.ಎಚ್. ಆಂಡರ್ಸನ್‌ಗೆ. ಇಬ್ಬರ ಹೆಸರಿನ ಕೊನೆಯಲ್ಲೂ ಆಂಡರ್ಸನ್ ಇದೆಯಲ್ಲ, ನೆಂಟರೇ ಅಂತ ಕೇಳಬೇಡಿ. ಕರ್ನಲ್ ಧಣಿ, ಜೋರ್ಡನ್ ಅವನ ಗುಲಾಮರಾಗಿದ್ದವರು. ಧಣಿಯ ಮನೆತನದ ಹೆಸರೇ ಗುಲಾಮರಿಗೂ ಅಂಟಿಕೊಳ್ಳುತ್ತಿದ್ದ ಕಾಲ ಅದು.

ಅಮೆರಿಕದ ಅಂತರ್ಯುದ್ಧ ಮುಗಿದು ಕೆಲವೇ ತಿಂಗಳಾಗಿತ್ತು. ಗುಲಾಮಗಿರಿ ಬೇಕು ಎಂದು ಹೊಡೆದಾಡಿದ ದಕ್ಷಿಣದ ರಾಜ್ಯಗಳು ಸೋತಿದ್ದವು. ಜೋರ್ಡನ್ ಅವರಿಗೆ 1864ರಲ್ಲೇ ಸೇನೆಯ ಅಧಿಕಾರಿಯಿಂದ ಬಿಡುಗಡೆಯ ಕಾಗದ ಸಿಕ್ಕಿತ್ತು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಡೇಟನ್‌ಗೆ ಬಂದು ದುಡಿದು ತಿನ್ನುತ್ತಿದ್ದರು. ಅತ್ತ ಧಣಿಯ ಜಮೀನಿನಲ್ಲಿ ಕೆಲಸಕ್ಕೆ ಆಳಿಲ್ಲ. ಆಗ ಧಣಿ ಕಾಗದ ಬರೆದ: ವಾಪಸ್ ಬಾ, ಬೇರೆ ಯಾರಿಗಿಂತಲೂ ಚೆನ್ನಾಗಿ ನೋಡಿಕೊಳ್ಳುತ್ತೇನೆ.

ಅದಕ್ಕೆ ಜೋರ್ಡನ್ ಬರೆಸಿದ ಉತ್ತರ ಇದು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಗುಲಾಮಗಿರಿಯ ವಿರೋಧಿಯಾಗಿದ್ದ ಡೇಟನ್‌ನ ಬ್ಯಾಂಕ್ ಮಾಲೀಕ ವ್ಯಾಲೆಂಟೈನ್ ವಿಂಟರ್ಸ್ ಎದುರು ಕೂತು, ತಾವು ಹೇಳುತ್ತಾ ಹೋದರು, ಅವರು ಬರೆದುಕೊಂಡರು.

ಕಾಗದದಲ್ಲಿ ಏನಿತ್ತು?

ಕಾಗದದಲ್ಲಿ ಬೈಗುಳ ಇಲ್ಲ. ಮೊದಲು ಕ್ಷೇಮ ಸಮಾಚಾರ. ನೀವು ನನ್ನನ್ನು ಮರೆತಿಲ್ಲ ಎಂದು ಸಂತೋಷವಾಯಿತು, ಎರಡು ಸಲ ನನ್ನ ಮೇಲೆ ಗುಂಡು ಹಾರಿಸಿದ್ದಿರಿ, ಆದರೂ ನೀವು ಬದುಕಿರುವುದು ಕೇಳಿ ಖುಷಿಯಾಯಿತು ಎನ್ನುತ್ತಾರೆ. ಆಮೇಲೆ ಮನೆಯ ವಿಷಯ. ಇಲ್ಲಿ ತಿಂಗಳಿಗೆ 25 ಡಾಲರ್ ಸಂಬಳ, ಜೊತೆಗೆ ಊಟ, ಬಟ್ಟೆ. ಮಿಲ್ಲಿ, ಜೇನ್, ಗ್ರಂಡಿ ಮೂರೂ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ಹೆಂಡತಿ ಮ್ಯಾಂಡಿಯನ್ನು ಊರ ಜನ 'ಮಿಸೆಸ್ ಆಂಡರ್ಸನ್' ಎಂದು ಕರೆಯುತ್ತಾರೆ. ಗುಲಾಮರಾಗಿದ್ದವರಿಗೆ ಈ ಒಂದು ಪದ ಎಷ್ಟು ದೊಡ್ಡದು ಎಂದು, ಊರಿನಲ್ಲಿ 'ಲೇ', 'ಏಯ್' ಎಂದಷ್ಟೇ ಕರೆಸಿಕೊಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಬರುತ್ತದೆ ಲೆಕ್ಕ. ನಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತೀರಿ ಎಂದು ನಂಬಿಕೆ ಬರಬೇಕಲ್ಲ, ಹಳೆ ಬಾಕಿ ಕಳಿಸಿಬಿಡಿ ಎಂದರು ಜೋರ್ಡನ್. ಲೆಕ್ಕ ಹೀಗಿತ್ತು:

ಜೋರ್ಡನ್ ದುಡಿದದ್ದು 32 ವರ್ಷ. ತಿಂಗಳಿಗೆ 25 ಡಾಲರ್‌ನಂತೆ 9,600 ಡಾಲರ್.
ಮ್ಯಾಂಡಿ ದುಡಿದದ್ದು 20 ವರ್ಷ. ವಾರಕ್ಕೆ 2 ಡಾಲರ್‌ನಂತೆ 2,080 ಡಾಲರ್.
ಒಟ್ಟು 11,680 ಡಾಲರ್.

ಇಷ್ಟು ವರ್ಷ ಹಣ ನಿಮ್ಮ ಹತ್ತಿರವೇ ಇತ್ತಲ್ಲ, ಅದಕ್ಕೆ ಬಡ್ಡಿ ಸೇರಿಸಿ. ನಮಗೆ ಕೊಟ್ಟ ಬಟ್ಟೆಯ ಖರ್ಚು ಕಳೆಯಿರಿ. ನನಗಾಗಿ ಡಾಕ್ಟರು ಮೂರು ಸಲ ಬಂದದ್ದು, ಮ್ಯಾಂಡಿಗೆ ಒಂದು ಹಲ್ಲು ಕೀಳಿಸಿದ್ದು, ಅದನ್ನೂ ಕಳೆಯಿರಿ. ಉಳಿದದ್ದನ್ನು ವಿಂಟರ್ಸ್ ಅವರ ವಿಳಾಸಕ್ಕೆ ಕಳಿಸಿಕೊಡಿ. ಹಲ್ಲಿನ ಖರ್ಚನ್ನೂ ಬಿಡದೆ ಕಳೆದುಕೊಟ್ಟ ಮನುಷ್ಯನ ಲೆಕ್ಕವನ್ನು ಸುಳ್ಳು ಅನ್ನುವುದು ಹೇಗೆ?

ಲೆಕ್ಕ ಮುಗಿದ ಮೇಲೆ ಒಬ್ಬ ಅಪ್ಪ ಮಾತಾಡುತ್ತಾರೆ. ನನ್ನ ಹೆಣ್ಣುಮಕ್ಕಳು ಬೆಳೆದಿದ್ದಾರೆ, ಅಲ್ಲಿ ಅವರಿಗೆ ರಕ್ಷಣೆ ಇದೆಯೇ? ನಿಮ್ಮ ಮನೆಯ ಹುಡುಗರಿಂದ ಹಿಂದೆ ಬೇರೆ ಹುಡುಗಿಯರಿಗೆ ಏನಾಯಿತು ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಅಂಥದ್ದು ನನ್ನ ಮಕ್ಕಳಿಗೆ ಆಗುವುದಾದರೆ ಇಲ್ಲೇ ಉಪವಾಸ ಬಿದ್ದು ಸಾಯುತ್ತೇನೆ ಎನ್ನುತ್ತಾರೆ. ನಿಮ್ಮೂರಿನಲ್ಲಿ ಕಪ್ಪು ಮಕ್ಕಳಿಗೆ ಶಾಲೆ ಇದೆಯೇ ಎಂದೂ ಕೇಳುತ್ತಾರೆ. ಕೊನೆಗೆ, ನೀವು ನನ್ನ ಮೇಲೆ ಗುಂಡು ಹಾರಿಸುವಾಗ ಪಿಸ್ತೂಲು ಕಿತ್ತುಕೊಂಡವರಿಗೆ ನನ್ನ ನಮಸ್ಕಾರ ತಿಳಿಸಿ ಎಂದು ಮುಗಿಸುತ್ತಾರೆ.

ಈ ಕಾಗದ ಅದೇ ತಿಂಗಳು ಪತ್ರಿಕೆಗಳಲ್ಲಿ ಅಚ್ಚಾಯಿತು. ಯಾರೋ ಕಟ್ಟಿದ ಕಥೆ ಇರಬೇಕು ಎಂದು ಅನುಮಾನಪಟ್ಟವರೂ ಇದ್ದರು. ಇತಿಹಾಸಕಾರರು ಹಳೆಯ ಜನಗಣತಿ ಪುಸ್ತಕ ತೆರೆದು ನೋಡಿದರು. 1870ರ ಗಣತಿಯಲ್ಲಿ ಜೋರ್ಡನ್ ಆಂಡರ್ಸನ್ ಕುಟುಂಬ ಡೇಟನ್‌ನಲ್ಲೇ ಇದೆ. ಅವರು ವಾಪಸ್ ಹೋಗಲಿಲ್ಲ. ಧಣಿ ಜಮೀನು ಮಾರಬೇಕಾಯಿತು, ಎರಡು ವರ್ಷದೊಳಗೆ ತೀರಿಕೊಂಡ. ಡೇಟನ್‌ನಲ್ಲಿ ಹುಟ್ಟಿದ ಒಬ್ಬ ಮಗನಿಗೆ ಜೋರ್ಡನ್ ದಂಪತಿ ವ್ಯಾಲೆಂಟೈನ್ ವಿಂಟರ್ಸ್ ಎಂದೇ ಹೆಸರಿಟ್ಟರು. ಆ ಹುಡುಗ ಮುಂದೆ ಡಾಕ್ಟರಾದ. ಬಾಕಿ ಮಾತ್ರ ಬರಲೇ ಇಲ್ಲ.

ಧಣಿಯ ಪುಸ್ತಕದಲ್ಲಿ ಹೆಸರಿಲ್ಲ

ಈ ಕಾಗದದ ಬೆಲೆ ತಿಳಿಯಬೇಕಾದರೆ, ಅದಕ್ಕೆ ಮೊದಲು ಗುಲಾಮರ ಬಗ್ಗೆ ಯಾರು ಏನು ಬರೆಯುತ್ತಿದ್ದರು ಎಂದು ನೋಡಬೇಕು.

ಬರೆದದ್ದು ಕಡಿಮೆಯೇನಲ್ಲ, ರಾಶಿ ರಾಶಿ ಇದೆ. ಜಮೀನುದಾರರ ಖಾತೆ ಪುಸ್ತಕ, ಕ್ರಯಪತ್ರ, ಅಡಮಾನ ಪತ್ರ, ಉಯಿಲು, ತಪ್ಪಿಸಿಕೊಂಡು ಹೋದವರನ್ನು ಹಿಡಿದುಕೊಡಿ ಎಂಬ ಜಾಹೀರಾತು. ಗುಲಾಮರನ್ನು ಒಂದು ಬಂದರಿನಿಂದ ಇನ್ನೊಂದು ಬಂದರಿಗೆ ಸಾಗಿಸುವಾಗ ಹಡಗಿನ ಕ್ಯಾಪ್ಟನ್ ಪಟ್ಟಿ ಕೊಡಬೇಕಿತ್ತು: ಹೆಸರು, ವಯಸ್ಸು, ಎತ್ತರ, ಮೈಬಣ್ಣ. ಸಂತೆಗೆ ಹೊಡೆದುಕೊಂಡು ಹೋಗುವ ದನದ ಹಲ್ಲು, ಸುಳಿ ನೋಡಿದ ಹಾಗೆ.

ಸರ್ಕಾರದ ಲೆಕ್ಕವೂ ಹಾಗೇ ಇತ್ತು. 1850 ಮತ್ತು 1860ರ ಜನಗಣತಿಯಲ್ಲಿ ಗುಲಾಮರಿಗೆ ಬೇರೆಯೇ ಪುಸ್ತಕ. ಮೊದಲು ಮಾಲೀಕನ ಪೂರ್ತಿ ಹೆಸರು. ಅದರ ಕೆಳಗೆ ಸಾಲು ಸಾಲಾಗಿ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಗುಲಾಮರ ಹೆಸರು ಬರೆಯಲು ಅಂಕಣವೇ ಇಲ್ಲ. 1860ರ ಗಣತಿಯ ಹೊತ್ತಿಗೆ ಆ ದೇಶದಲ್ಲಿ 39 ಲಕ್ಷಕ್ಕೂ ಹೆಚ್ಚು ಜನ ಗುಲಾಮರಾಗಿದ್ದರು. ಬಹುಪಾಲು ಎಲ್ಲರೂ ಆ ಪುಸ್ತಕದಲ್ಲಿ ಬರೀ ವಯಸ್ಸು. ದೇಶದ ಎಲ್ಲ ಕಪ್ಪು ಜನರನ್ನೂ ಹೆಸರು ಹಿಡಿದು ಬರೆದ ಮೊದಲ ಗಣತಿ 1870ರದ್ದು. ಇಂದಿಗೂ ಅಮೆರಿಕದ ಕಪ್ಪು ಕುಟುಂಬಗಳು ತಮ್ಮ ವಂಶ ಹುಡುಕಿಕೊಂಡು ಹಿಂದೆ ಹಿಂದೆ ಹೋದರೆ 1870ಕ್ಕೆ ಬಂದು ಗೋಡೆಗೆ ತಲೆ ತಾಗಿದಂತಾಗುತ್ತದೆ. ಅಲ್ಲಿಂದಾಚೆಗೆ ಅಜ್ಜ ಅಜ್ಜಿಯ ಹೆಸರು ಸಿಗಬೇಕಾದರೆ ಅವರನ್ನು ಕೊಂಡ ಧಣಿಯ ಪುಸ್ತಕವನ್ನೇ ತೆರೆಯಬೇಕು.

ನಮ್ಮ ಊರುಗಳಲ್ಲಿ ಪಹಣಿಯಲ್ಲಿ ಹೆಸರಿಲ್ಲದೆ ತಲೆಮಾರುಗಟ್ಟಲೆ ಉತ್ತವರಿಗೆ ಈ ಮಾತು ಬೇಗ ಅರ್ಥವಾದೀತು. ದಾಖಲೆ ಇಲ್ಲ ಎನ್ನುವುದು ಒಂದು ತೊಂದರೆ. ದಾಖಲೆ ಇದೆ, ಅದನ್ನು ಬರೆದವನು ಇನ್ನೊಬ್ಬ ಎನ್ನುವುದು ಅದಕ್ಕಿಂತ ದೊಡ್ಡ ತೊಂದರೆ.

ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದೇ ಕಾನೂನಿಗೆ ವಿರುದ್ಧವಾಗಿತ್ತು. ಓದು ಕಲಿತವನು ತಾನೇ ಬಿಡುಗಡೆ ಚೀಟಿ ಬರೆದುಕೊಂಡು ಓಡಿಹೋದಾನು ಎಂಬ ಭಯ. ಇನ್ನೊಂದು ಭಯವೂ ಇದ್ದಿರಬೇಕು. ಓದು ಕಲಿತವನು ಲೆಕ್ಕ ಕೇಳಿಯಾನು.

ಮಗಳನ್ನು ಕೊಡು ಎಂದು ಬರೆದ ಅಪ್ಪ

ಮಿಸ್ಸೌರಿ ರಾಜ್ಯದ ಸ್ಪಾಟ್ಸ್‌ವುಡ್ ರೈಸ್ ಹೊಗೆಸೊಪ್ಪಿನ ಕೆಲಸದ ಗುಲಾಮರು. ಅವರಿಗೆ ಓದು ಬರಹ ಬರುತ್ತಿತ್ತು. ಧಣಿಯ ಮಗನೇ ಕಲಿಸಿಕೊಟ್ಟಿದ್ದನಂತೆ. 1864ರಲ್ಲಿ ಅವರು ಗುಲಾಮಗಿರಿ ಬಿಟ್ಟು ಅಧ್ಯಕ್ಷ ಲಿಂಕನ್ ಅವರ ಸೇನೆ ಸೇರಿದರು. ಮಕ್ಕಳು ಮಾತ್ರ ಇನ್ನೂ ಬೇರೆಯವರ ಮನೆಯಲ್ಲಿ ಗುಲಾಮರಾಗಿಯೇ ಉಳಿದಿದ್ದರು. 1863ರಲ್ಲಿ ಲಿಂಕನ್ ಹೊರಡಿಸಿದ ವಿಮೋಚನೆಯ ಘೋಷಣೆ ಮಿಸ್ಸೌರಿಗೆ ಅನ್ವಯವಾಗಿರಲಿಲ್ಲ.

1864ರ ಸೆಪ್ಟೆಂಬರ್ 3ರಂದು ಸೇಂಟ್ ಲೂಯಿಸ್‌ನ ಸೇನಾ ಆಸ್ಪತ್ರೆಯಿಂದ ರೈಸ್ ಎರಡು ಕಾಗದ ಬರೆದರು. ಒಂದು ಹೆಣ್ಣುಮಕ್ಕಳಿಗೆ: ಜೀವ ಹೋದರೂ ಸರಿ, ನಿಮ್ಮನ್ನು ಬಿಡಿಸಿಕೊಂಡು ಹೋಗುತ್ತೇನೆ, ಧೈರ್ಯವಾಗಿರಿ. ಇನ್ನೊಂದು, ಮಗಳು ಮೇರಿಯನ್ನು ಇಟ್ಟುಕೊಂಡಿದ್ದ ಕಿಟ್ಟಿ ಡಿಗ್ಸ್ ಎಂಬ ಒಡತಿಗೆ. ಮಗಳನ್ನು ಬಿಡಿಸಿಕೊಳ್ಳಲು 40 ಡಾಲರ್ ಕೊಡುತ್ತೇನೆ ಅಂದುಕೊಂಡಿದ್ದೆ, ನೀನು ತೆಗೆದುಕೊಳ್ಳದೇ ಇದ್ದದ್ದು ಒಳ್ಳೆಯದೇ ಆಯಿತು, ಅವಳು ದೇವರು ನನಗೆ ಕೊಟ್ಟ ಮಗಳು, ನನ್ನ ಮಗಳನ್ನು ನಾನು ಕರೆದುಕೊಂಡು ಹೋದರೆ ಅದು ಕಳ್ಳತನ ಹೇಗಾಗುತ್ತದೆ, ಸೈನಿಕರ ಜೊತೆ ಬರುತ್ತಿದ್ದೇನೆ ಎಂಬುದು ಅದರ ಸಾರ.

ಈ ಕಾಗದಗಳು ನಮಗೆ ಹೇಗೆ ಉಳಿದವು ಗೊತ್ತೇ? ಕಿಟ್ಟಿ ಡಿಗ್ಸ್‌ಳ ಅಣ್ಣತಮ್ಮಂದಿರಲ್ಲಿ ಒಬ್ಬ ಆ ಊರಿನ ಪೋಸ್ಟ್ ಮಾಸ್ಟರ್. ಒಬ್ಬ ಕಪ್ಪು ಸೈನಿಕ ನನ್ನ ಮನೆಯವರಿಗೆ ಹೀಗೆ ಬರೆಯುವುದೇ ಎಂದು ಅವನಿಗೆ ರೇಗಿತು. ಎರಡೂ ಕಾಗದಗಳನ್ನು ಲಗತ್ತಿಸಿ, ಇವನನ್ನು ರಾಜ್ಯದಿಂದಲೇ ಹೊರಗೆ ಹಾಕಿ ಎಂದು ಸೇನೆಯ ದೊಡ್ಡ ಅಧಿಕಾರಿಗೆ ದೂರು ಕೊಟ್ಟ. ದೂರು ಫೈಲಿಗೆ ಸೇರಿತು. ಫೈಲು ವಾಷಿಂಗ್ಟನ್‌ನ ರಾಷ್ಟ್ರೀಯ ದಾಖಲಾತಿ ಸಂಗ್ರಹಕ್ಕೆ ಹೋಯಿತು. ರೈಸ್ ಅವರ ಬಾಯಿ ಮುಚ್ಚಿಸಲು ಹೋದವನೇ ಅವರ ಮಾತನ್ನು ಶಾಶ್ವತವಾಗಿ ಉಳಿಸಿಬಿಟ್ಟ.

ಕುಟುಂಬ ಕೊನೆಗೆ ಸೇಂಟ್ ಲೂಯಿಸ್‌ನಲ್ಲಿ ಒಂದಾಯಿತು. ರೈಸ್ ಮುಂದೆ ಚರ್ಚಿನ ಬೋಧಕರಾದರು. ಮಗಳು ಮೇರಿ 1937ರಲ್ಲಿ, ತಮ್ಮ 85ನೇ ವಯಸ್ಸಿನಲ್ಲಿ, ಸರ್ಕಾರದ ಕಡೆಯಿಂದ ಬಂದವರ ಎದುರು ಕೂತು ತನ್ನ ಅಪ್ಪನ ಕಥೆಯನ್ನು ಹೇಳಿದರು. ಅದೂ ಈಗ ದಾಖಲೆ.

13 ಡಾಲರ್ ಮತ್ತು 7 ಡಾಲರ್

ಅದೇ ಯುದ್ಧದಲ್ಲಿ ಸೈನಿಕರ ಸಂಬಳದ ಲೆಕ್ಕವೂ ಎದ್ದು ನಿಂತಿತು. ಬಿಳಿಯ ಸೈನಿಕನಿಗೆ ತಿಂಗಳಿಗೆ 13 ಡಾಲರ್. ಕಪ್ಪು ಸೈನಿಕನಿಗೆ 10 ಡಾಲರ್, ಅದರಲ್ಲೂ ಬಟ್ಟೆಗೆಂದು 3 ಡಾಲರ್ ಹಿಡಿದುಕೊಂಡು ಕೈಗೆ 7.

ಜೇಮ್ಸ್ ಹೆನ್ರಿ ಗುಡಿಂಗ್ ಎಂಬ ಕಪ್ಪು ಸೈನಿಕರು 1863ರ ಸೆಪ್ಟೆಂಬರ್ 28ರಂದು ನೇರವಾಗಿ ಅಧ್ಯಕ್ಷ ಲಿಂಕನ್‌ಗೇ ಬರೆದರು. ನಾವು ಸೈನಿಕರೋ ಕೂಲಿಗಳೋ, ಅದನ್ನು ಹೇಳಿಬಿಡಿ ಎಂಬುದು ಅವರ ಪ್ರಶ್ನೆ. ಗುಂಡು ಇಬ್ಬರ ಎದೆಗೂ ಒಂದೇ ತರಹ ನಾಟುವಾಗ ಸಂಬಳ ಯಾಕೆ ಎರಡು ತರಹ? ಅವರ ತುಕಡಿ, ಮ್ಯಾಸಚೂಸೆಟ್ಸ್‌ನ 54ನೇ ರೆಜಿಮೆಂಟ್, ಆ ಕಡಿಮೆ ಸಂಬಳ ಮುಟ್ಟುವುದೇ ಇಲ್ಲ ಎಂದು ಹಟ ಹಿಡಿಯಿತು. ಕೊರತೆ ಬಿದ್ದದ್ದನ್ನು ನಾವು ತುಂಬಿಕೊಡುತ್ತೇವೆ ಎಂದು ರಾಜ್ಯ ಸರ್ಕಾರ ಮುಂದೆ ಬಂದಾಗಲೂ ಒಪ್ಪಲಿಲ್ಲ. ದುಡ್ಡು ಸಿಕ್ಕರೆ ಸಾಲದು, ಸಮ ಎಂದು ಸರ್ಕಾರ ಬರೆದುಕೊಡಬೇಕು ಎಂಬುದು ಅವರ ನಿಲುವು. ಮನೆಯಲ್ಲಿ ಹೆಂಡತಿ ಮಕ್ಕಳು ಕಷ್ಟ ಪಡುತ್ತಿದ್ದರೂ ಬಗ್ಗಲಿಲ್ಲ.

1864ರ ಜೂನ್‌ನಲ್ಲಿ ಅಮೆರಿಕದ ಸಂಸತ್ತು ಸಮಾನ ಸಂಬಳಕ್ಕೆ ಒಪ್ಪಿತು. ಗುಡಿಂಗ್ ಅದನ್ನು ಅನುಭವಿಸಲಿಲ್ಲ. ಆ ಫೆಬ್ರುವರಿಯಲ್ಲೇ ಗಾಯಗೊಂಡು ಸೆರೆ ಸಿಕ್ಕಿದ್ದ ಅವರು ಜುಲೈ 19ರಂದು ಶತ್ರುಗಳ ಸೆರೆಮನೆಯಲ್ಲಿ ತೀರಿಕೊಂಡರು.

ಅದೇ ತುಕಡಿಯ ಇನ್ನೊಬ್ಬ ಸೈನಿಕನ ತಾಯಿ, ಹ್ಯಾನಾ ಜಾನ್ಸನ್, 1863ರ ಜುಲೈ 31ರಂದು ಲಿಂಕನ್‌ಗೆ ಬರೆದ ಕಾಗದವೂ ಉಳಿದಿದೆ. ನನ್ನ ಮಗ ಸೆರೆ ಸಿಕ್ಕರೆ ಅವರು ಅವನನ್ನು ಗುಲಾಮನಾಗಿ ಮಾರಿಬಿಡುತ್ತಾರೆ, ಬಿಳಿ ಸೈನಿಕನಿಗೆ ಇರುವ ರಕ್ಷಣೆ ನನ್ನ ಮಗನಿಗೂ ಬೇಕು ಎಂದು ಕೇಳಿದರು ಆ ತಾಯಿ. ಅದರ ಹಿಂದಿನ ದಿನವೇ ಲಿಂಕನ್ ಅಂಥದ್ದೇ ಆದೇಶ ಹೊರಡಿಸಿದ್ದರು. ಆ ಸುದ್ದಿ ಅವರಿಗೆ ಇನ್ನೂ ಮುಟ್ಟಿರಲಿಲ್ಲ.

ನನ್ನ ಅಮ್ಮನನ್ನು ಯಾರಾದರೂ ನೋಡಿದ್ದೀರಾ?

1865ರ ಡಿಸೆಂಬರ್‌ನಲ್ಲಿ ಸಂವಿಧಾನದ 13ನೇ ತಿದ್ದುಪಡಿ ಬಂದು ಇಡೀ ದೇಶದಲ್ಲಿ ಗುಲಾಮಗಿರಿ ಮುಗಿಯಿತು. ಬಿಡುಗಡೆಯಾದವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಮಾರಾಟವಾಗಿ ಹೋದ ತಮ್ಮವರನ್ನು ಹುಡುಕುವುದು. ಕಪ್ಪು ಜನರ ಪತ್ರಿಕೆಗಳಲ್ಲಿ ವರ್ಷಗಟ್ಟಲೆ ಜಾಹೀರಾತು ಬಂದವು. ಅಮ್ಮನ ಹೆಸರು ಇಂಥದ್ದು, ಇಂಥ ಊರಿನಲ್ಲಿ ಇಂಥ ಧಣಿಯ ಹತ್ತಿರ ಇದ್ದಳು, ಇಂಥವನಿಗೆ ಮಾರಿದರು, ಆಮೇಲೆ ಸುದ್ದಿಯಿಲ್ಲ, ಗೊತ್ತಿದ್ದವರು ತಿಳಿಸಿ.

ನ್ಯೂ ಆರ್ಲಿಯನ್ಸ್‌ನ ಒಂದು ಚರ್ಚ್ ಪತ್ರಿಕೆ 1870ರ ದಶಕದ ಕೊನೆಯಲ್ಲಿ ಇದಕ್ಕೆಂದೇ ಒಂದು ಅಂಕಣ ಶುರುಮಾಡಿತು. ಪತ್ರಿಕೆಯ ಚಂದಾದಾರರಲ್ಲದವರು 50 ಸೆಂಟ್ ಕೊಟ್ಟು ಹಾಕಿಸಬಹುದಿತ್ತು. ಓದಲು ಬಾರದವರಿಗೂ ತಿಳಿಯಲಿ ಎಂದು ಪಾದ್ರಿಗಳು ಅದನ್ನು ಚರ್ಚಿನಲ್ಲಿ ಗಟ್ಟಿಯಾಗಿ ಓದಬೇಕು ಎಂದು ಕೇಳಿಕೊಂಡಿತ್ತು. ಗುಲಾಮಗಿರಿ ಹೋಗಿ ಮೂವತ್ತು ವರ್ಷ ಕಳೆದ ಮೇಲೂ ಜಾಹೀರಾತು ಬರುತ್ತಲೇ ಇದ್ದವು. ಬಹಳ ಮಂದಿಗೆ ತಮ್ಮವರು ಸಿಗಲೇ ಇಲ್ಲ.

ಗಮನಿಸಿ, ಈ ಜಾಹೀರಾತುಗಳಲ್ಲಿ ಧಣಿಯ ಹೆಸರು ಬಂದೇ ಬರುತ್ತದೆ. ಆದರೆ ಈ ಸಲ ಅದನ್ನು ಬರೆಸಿದವರು ಗುಲಾಮರಾಗಿದ್ದವರು. ಯಾರು ಯಾರನ್ನು ಯಾರಿಗೆ ಮಾರಿದರು ಎಂಬುದು ಅವರ ಬಾಯಿಂದಲೇ ದಾಖಲಾಯಿತು.

ಬಿಡುಗಡೆಯಾದವರ ನೆರವಿಗೆ ಸರ್ಕಾರ 1865ರಲ್ಲಿ 'ಫ್ರೀಡ್‌ಮೆನ್ಸ್ ಬ್ಯೂರೋ' ಎಂಬ ಇಲಾಖೆ ತೆರೆಯಿತು. ಅದರ ಕಚೇರಿಗಳಲ್ಲಿ ಕೂಲಿ ಒಪ್ಪಂದ, ಮದುವೆ ನೋಂದಣಿ, ಕೂಲಿ ಕೊಡದೆ ಹೊಡೆದು ಓಡಿಸಿದ ಧಣಿಗಳ ಮೇಲಿನ ದೂರು, ಎಲ್ಲವೂ ಪುಸ್ತಕಕ್ಕೆ ಏರಿದವು. 1872ಕ್ಕೆ ಆ ಇಲಾಖೆ ಮುಚ್ಚಿತು. ಜಮೀನು ಸಿಗಲಿಲ್ಲ. ಗುಲಾಮರಾಗಿದ್ದವರು ಅದೇ ಧಣಿಗಳ ಹೊಲದಲ್ಲಿ ಪಾಲಿಗೆ ನಿಂತರು. ಬೀಜಕ್ಕೆ, ಹಿಟ್ಟಿಗೆ, ಬಟ್ಟೆಗೆ ಧಣಿಯ ಅಂಗಡಿಯಲ್ಲೇ ಸಾಲ, ಸುಗ್ಗಿ ಮುಗಿದ ಮೇಲೆ ಧಣಿಯೇ ಹೇಳಿದ ಲೆಕ್ಕ. ದುಡಿದವನು ಮತ್ತೆ ಸಾಲಗಾರ. ಲೆಕ್ಕದ ಪುಸ್ತಕ ತಿರುಗಿ ಧಣಿಯ ಕೈಗೇ ಹೋಗಿತ್ತು.

ಬಸ್ಸಿನ ಸೀಟಿಗಾಗಿ ಒಂದು ಅರ್ಜಿ

ತೊಂಬತ್ತು ವರ್ಷ ಕಳೆಯಿತು. ಗುಲಾಮಗಿರಿ ಇಲ್ಲ, ಆದರೆ ದಕ್ಷಿಣದ ಊರುಗಳಲ್ಲಿ ಶಾಲೆ ಬೇರೆ, ನೀರಿನ ನಲ್ಲಿ ಬೇರೆ, ಬಸ್ಸಿನಲ್ಲಿ ಸೀಟು ಬೇರೆ. ಅಲಬಾಮಾ ರಾಜ್ಯದ ಮಾಂಟ್ಗೊಮರಿ ಎಂಬ ಊರಿನಲ್ಲಿ ಕಪ್ಪು ಜನ ಮುಂದಿನ ಬಾಗಿಲಲ್ಲಿ ಹತ್ತಿ ದುಡ್ಡು ಕೊಟ್ಟು, ಕೆಳಗಿಳಿದು, ಹಿಂದಿನ ಬಾಗಿಲಿಂದ ಮತ್ತೆ ಹತ್ತಬೇಕಿತ್ತು. ಅಷ್ಟರಲ್ಲಿ ಬಸ್ಸು ಹೊರಟೇ ಹೋಗುವುದೂ ಇತ್ತು.

1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಸೀಟು ಬಿಟ್ಟೇಳಲು ಒಪ್ಪದೆ ಬಂಧನಕ್ಕೆ ಒಳಗಾದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅದಕ್ಕೂ ಒಂದೂವರೆ ವರ್ಷ ಮೊದಲೇ ಒಂದು ಕಾಗದ ಹೋಗಿತ್ತು ಎಂಬುದು ಕಡಿಮೆ ಜನಕ್ಕೆ ಗೊತ್ತು. 1954ರ ಮೇ 21ರಂದು, ಆ ಊರಿನ ಕಪ್ಪು ಮಹಿಳೆಯರ ಸಂಘಟನೆಯ ಅಧ್ಯಕ್ಷೆ, ಕಾಲೇಜು ಅಧ್ಯಾಪಕಿ ಜೋ ಆನ್ ರಾಬಿನ್ಸನ್, ನಗರದ ಮೇಯರ್‌ಗೆ ಪತ್ರ ಬರೆದರು. ಕೇಳಿದ್ದು ಮೂರು: ಕಪ್ಪು ಜನ ಹಿಂದಿನಿಂದ, ಬಿಳಿಯರು ಮುಂದಿನಿಂದ ಸೀಟು ತುಂಬಿಕೊಂಡು ಬರಲಿ, ಕೂತವರನ್ನು ಎಬ್ಬಿಸಬೇಡಿ. ಮುಂದೆ ದುಡ್ಡು ಕೊಟ್ಟವರನ್ನು ಇಳಿಸಿ ಹಿಂದೆ ಹತ್ತಿಸಬೇಡಿ. ಬಿಳಿಯರ ಬೀದಿಗಳಲ್ಲಿ ಪ್ರತಿ ತಿರುವಿಗೆ ನಿಲ್ಲುವಂತೆ ನಮ್ಮ ಬೀದಿಗಳಲ್ಲೂ ಬಸ್ಸು ನಿಲ್ಲಲಿ. ಜೊತೆಗೆ ಒಂದು ಲೆಕ್ಕವನ್ನೂ ಇಟ್ಟರು: ಬಸ್ಸಿನಲ್ಲಿ ಹೋಗುವವರಲ್ಲಿ ಮುಕ್ಕಾಲು ಪಾಲು ನಾವೇ, ನಾವು ಹತ್ತದಿದ್ದರೆ ಬಸ್ಸು ಓಡುವುದಿಲ್ಲ.

ಮೇಯರ್ ಕಿವಿಗೆ ಹಾಕಿಕೊಳ್ಳಲಿಲ್ಲ. ರೋಸಾ ಪಾರ್ಕ್ಸ್ ಬಂಧನವಾದ ರಾತ್ರಿ ಇದೇ ರಾಬಿನ್ಸನ್ ಕಾಲೇಜಿನಲ್ಲಿ ಕೂತು ಹತ್ತಾರು ಸಾವಿರ ಕರಪತ್ರ ಅಚ್ಚು ಹಾಕಿದರು. ಜನ 381 ದಿನ ಬಸ್ಸು ಹತ್ತಲಿಲ್ಲ. ಮೈಲಿಗಟ್ಟಲೆ ನಡೆದು ಕೆಲಸಕ್ಕೆ ಹೋದರು. 1956ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಬಸ್ಸಿನ ಬೇಧಭಾವ ಸಂವಿಧಾನಕ್ಕೆ ವಿರುದ್ಧ ಎಂದಿತು. ಇದು ಒಬ್ಬ ಹೆಂಗಸು ಒಂದು ದಿನ ಸುಸ್ತಾಗಿ ಕೂತದ್ದರಿಂದ ಆದದ್ದಲ್ಲ, ಮೊದಲೇ ಯೋಚಿಸಿ ಸಿದ್ಧತೆ ಮಾಡಿಕೊಂಡಿದ್ದರು ಎನ್ನುವುದಕ್ಕೆ 1954ರ ಆ ಕಾಗದವೇ ಸಾಕ್ಷಿ.

ಆ ಕಾಗದಗಳು ನಮ್ಮ ದೇಶಕ್ಕೂ ಬಂದವು

ಇದನ್ನೆಲ್ಲ ನಮ್ಮವರು ದೂರದಿಂದ ಗಮನಿಸುತ್ತಿದ್ದರು. ಮಹಾರಾಷ್ಟ್ರದ ಜೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಎಂಬ ಪುಸ್ತಕ ಬರೆದು, ಕಪ್ಪು ಜನರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅದನ್ನು ಅರ್ಪಿಸಿದರು. ನಮ್ಮ ಶೂದ್ರ, ಅತಿಶೂದ್ರ ಜನರ ಬಿಡುಗಡೆಗೂ ನಮ್ಮ ದೇಶದವರು ಹೀಗೆ ದುಡಿಯಲಿ ಎಂಬುದು ಅವರ ಆಸೆ.

1946ರ ಜುಲೈ ಸುಮಾರಿಗೆ ಡಾ. ಬಿ.ಆರ್. ಅಂಬೇಡ್ಕರ್ ಅಮೆರಿಕದ ಕಪ್ಪು ವಿದ್ವಾಂಸ ಡಬ್ಲ್ಯು.ಇ.ಬಿ. ಡು ಬಾಯ್ಸ್ ಅವರಿಗೆ ಒಂದು ಚಿಕ್ಕ ಕಾಗದ ಬರೆದರು. ನಿಮ್ಮ ಜನರ ಸ್ಥಿತಿಗೂ ನಮ್ಮ ಅಸ್ಪೃಶ್ಯರ ಸ್ಥಿತಿಗೂ ಬಹಳ ಹೋಲಿಕೆ ಇದೆ, ಅದನ್ನು ಓದುವುದು ಆಸಕ್ತಿಯಷ್ಟೇ ಅಲ್ಲ, ಅಗತ್ಯ ಎಂದರು. ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಅರ್ಜಿ ಕೊಟ್ಟಿದ್ದಾರೆ ಎಂದು ಕೇಳಿದೆ, ನಾವೂ ಹಾಗೆ ಮಾಡುವ ಯೋಚನೆಯಲ್ಲಿದ್ದೇವೆ, ಅದರ ಎರಡು ಮೂರು ಪ್ರತಿ ಕಳಿಸಿಕೊಡುವಿರಾ ಎಂದು ವಿಚಾರಿಸಿದರು. ಡು ಬಾಯ್ಸ್ ಜುಲೈ 31ರಂದು ಉತ್ತರ ಬರೆದು, ನಿಮ್ಮ ಹೆಸರು ನನಗೆ ಗೊತ್ತು, ಭಾರತದ ಅಸ್ಪೃಶ್ಯರ ಬಗ್ಗೆ ನನಗೆ ಸಹಾನುಭೂತಿ ಇದೆ ಎಂದರು. ಈ ಎರಡೂ ಕಾಗದಗಳು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ, ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಎರಡು ಖಂಡಗಳ ತುಳಿತಕ್ಕೊಳಗಾದ ಜನರ ನಡುವೆ ಓಡಾಡಿದ್ದು ಒಂದು ಅರ್ಜಿಯ ನಕಲಿನ ವಿಚಾರ.

ನಮ್ಮ ಜೀತ, ನಮ್ಮ ಲೆಕ್ಕ

ನಮ್ಮಲ್ಲಿ ಬ್ರಿಟಿಷ್ ಸರ್ಕಾರ 1843ರಲ್ಲಿ ಒಂದು ಕಾಯ್ದೆ ಮಾಡಿತು. ಗುಲಾಮ ಎಂಬ ಕಾರಣಕ್ಕೆ ಯಾರ ಮೇಲೂ ಹಕ್ಕು ಸಾಧಿಸಲು ಕೋರ್ಟು ಒಪ್ಪುವುದಿಲ್ಲ ಎಂಬುದು ಅದರ ಮುಖ್ಯ ಮಾತು. ಕಾಗದದ ಮೇಲೆ ಗುಲಾಮಗಿರಿ ಹೋಯಿತು. ಸಾಲದ ಹೆಸರಿನಲ್ಲಿ ಜೀತ ಉಳಿಯಿತು. ಮದುವೆಗೋ ಕಾಯಿಲೆಗೋ ತಂದ ಸಾಲ, ಅದಕ್ಕೆ ಅಪ್ಪ ದುಡಿದ, ಆಮೇಲೆ ಮಗ ದುಡಿದ. ಸಾಲ ಎಷ್ಟು ತೀರಿತು, ಎಷ್ಟು ಉಳಿಯಿತು ಎಂಬುದು ಸಾಹುಕಾರನ ಪುಸ್ತಕಕ್ಕೆ ಮಾತ್ರ ಗೊತ್ತು.

ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಅದರಲ್ಲಿ ಒಂದು ಮುಖ್ಯ ಅಂಶವಿದೆ, ಬಹಳ ಜನರಿಗೆ ತಿಳಿಯದು. ಇದು ಜೀತದ ಸಾಲ ಎಂದು ಜೀತದಾಳು ಹೇಳಿದರೆ, ಅಲ್ಲ ಎಂದು ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವನದು. ತಲೆಮಾರುಗಳಿಂದ ಧಣಿಯ ಪುಸ್ತಕವೇ ಸತ್ಯ ಎಂದು ನಡೆದುಬಂದದ್ದನ್ನು ಈ ಒಂದು ಸಾಲು ತಿರುಗಿಸಿ ಹಾಕುತ್ತದೆ. ಜೀತದ ಸಾಲವೂ ಈ ಕಾಯ್ದೆಯಿಂದ ಪೂರ್ತಿ ರದ್ದು.

ಕಾಯ್ದೆ ಬಂದ ಮೇಲೂ ಜೀತ ನಿಲ್ಲಲಿಲ್ಲ. 1982ರಲ್ಲಿ ಬಂಧುವಾ ಮುಕ್ತಿ ಮೋರ್ಚಾ ಎಂಬ ಸಂಘಟನೆ ಹರಿಯಾಣದ ಫರೀದಾಬಾದ್ ಕಡೆಯ ಕಲ್ಲು ಕ್ವಾರಿಗಳಲ್ಲಿ ಜೀತ ಮಾಡುತ್ತಿದ್ದವರ ಸ್ಥಿತಿಯನ್ನು ಬರೆದು ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿಗೆ ಒಂದು ಕಾಗದ ಕಳಿಸಿತು. ವಕೀಲರ ಅರ್ಜಿಯಲ್ಲ, ಬರೀ ಕಾಗದ. ಕೋರ್ಟು ಅದನ್ನೇ ರಿಟ್ ಅರ್ಜಿ ಎಂದು ಪರಿಗಣಿಸಿತು. ಕ್ವಾರಿಗಳಿಗೆ ಜನರನ್ನು ಕಳಿಸಿ ವರದಿ ತರಿಸಿಕೊಂಡಿತು. 1983ರ ಡಿಸೆಂಬರ್‌ನಲ್ಲಿ ಬಂದ ತೀರ್ಪು, ಜೀತದಾಳುಗಳನ್ನು ಗುರುತಿಸಿ ಬಿಡಿಸುವುದೂ ಅವರಿಗೆ ಪುನರ್ವಸತಿ ಕೊಡುವುದೂ ಸರ್ಕಾರದ ಕರ್ತವ್ಯ ಎಂದಿತು.

ಉಳಿಯುವ ಕಾಗದ ಹೇಗಿರುತ್ತದೆ?

ಜೋರ್ಡನ್, ರೈಸ್, ಗುಡಿಂಗ್, ಹ್ಯಾನಾ, ರಾಬಿನ್ಸನ್. ಇವರ ಕಾಗದಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಷಯ ಕಾಣುತ್ತದೆ. ಯಾರೂ 'ದೊಡ್ಡ ಮನಸ್ಸು ಮಾಡಿ ಕಾಪಾಡಿ' ಎಂದು ಕಾಲು ಹಿಡಿದಿಲ್ಲ. ಪ್ರತಿಯೊಬ್ಬರೂ ಕೇಳಿದ್ದು ಖಚಿತವಾದ ಒಂದು ವಸ್ತು: 11,680 ಡಾಲರ್, ಮಗಳು ಮೇರಿ, ಸಮ ಸಂಬಳ, ಮಗನಿಗೆ ರಕ್ಷಣೆ, ಬಸ್ಸಿನ ಸೀಟು. ಯಾರಿಗೆ ಬರೆದದ್ದು, ಯಾವ ದಿನ, ಯಾರ ಹೆಸರಿನಲ್ಲಿ ಎಂಬುದು ಸ್ಪಷ್ಟವಾಗಿದೆ. ಅಕ್ಷರ ಬಾರದ ಜೋರ್ಡನ್ ಕೂಡ ನಂಬಿಕೆಯವರ ಹತ್ತಿರ ಹೇಳಿ ಬರೆಸಿದರು.

ನಮ್ಮ ಊರಿನಲ್ಲಿ ಇಂದು ನಡೆಯುವ ಎಷ್ಟೋ ಅನ್ಯಾಯ ಬಾಯಿಮಾತಿನಲ್ಲೇ ಹುಟ್ಟಿ ಬಾಯಿಮಾತಿನಲ್ಲೇ ಮುಗಿಯುತ್ತದೆ. ಪಿಡಿಒಗೆ ಹೇಳಿದ್ದೆ, ತಹಶೀಲ್ದಾರರಿಗೆ ಹೇಳಿದ್ದೆ, ಇಟ್ಟಿಗೆ ಭಟ್ಟಿಯ ಮಾಲೀಕನಿಗೆ ಹೇಳಿದ್ದೆ. ಹೇಳಿದ್ದಕ್ಕೆ ಸಾಕ್ಷಿ ಇಲ್ಲ. ಅದೇ ಒಂದು ಹಾಳೆಯಲ್ಲಿ ಹೆಸರು, ತಾರೀಕು, ಎಷ್ಟು ದಿನದ ಕೂಲಿ, ಎಷ್ಟು ಬಾಕಿ ಎಂದು ಬರೆದು ಕಚೇರಿಯ ಟಪಾಲಿಗೆ ಕೊಟ್ಟು, ನಕಲಿನ ಮೇಲೆ ಸೀಲು ಸಹಿ ಹಾಕಿಸಿಕೊಂಡರೆ ಅದು ದಾಖಲೆ. ಬರೆಯಲು ಬಾರದಿದ್ದರೆ ಮನೆಯಲ್ಲಿ ಹೈಸ್ಕೂಲು ಓದುವ ಮಗಳು ಇದ್ದಾಳೆ, ಅವಳ ಹತ್ತಿರ ಬರೆಸಿ. ಜೀತದಿಂದ ಬಿಡುಗಡೆಯಾದವರು ಬಿಡುಗಡೆ ಪತ್ರವನ್ನು ಕೇಳಿ ಪಡೆದು ಜೋಪಾನ ಮಾಡಲಿ, ಪರಿಹಾರಕ್ಕೂ ಪುನರ್ವಸತಿಗೂ ಅದೇ ಆಧಾರ.

ಉತ್ತರ ಬರುತ್ತದೆ ಎಂಬ ಖಾತ್ರಿ ಇಲ್ಲ. ಜೋರ್ಡನ್‌ಗೆ ಒಂದು ಡಾಲರೂ ಬರಲಿಲ್ಲ. ಆದರೆ ಅವರ ಧಣಿಯ ಹೆಸರು ಇಂದು ಯಾರಿಗಾದರೂ ಗೊತ್ತಿದ್ದರೆ, ಅದು 11,680 ಡಾಲರ್ ಬಾಕಿ ಉಳಿಸಿಕೊಂಡವನು ಎಂದೇ ಗೊತ್ತಿದೆ.